ಮನೆಯವರಿಲ್ಲದ ಮನೆಯನ್ನು ಹೋಮ್‌ಸ್ಟೇ ಎನ್ನಬಹುದೇ?

ಮುಂಬಯಿಯ ಪಶ್ಚಿಮ ಉಪನಗರಗಳಲ್ಲಿ ರಜೆಯ ಮಾತು ಬದಲಾಗಿದೆ. ಒಂದು ತಲೆಮಾರಿನ ಹಿಂದೆ ಕಾಂದಿವಲಿಯ ಕನ್ನಡಿಗ ಕುಟುಂಬಕ್ಕೆ ಮೇ ತಿಂಗಳ ರಜೆ ಎಂದರೆ ಊರು, ಊರು ಎಂದರೆ ಅಜ್ಜಿಯ ಮನೆ. ಇಂದು ಆ ಅಜ್ಜಿಯ ಮನೆಗೆ ಎಷ್ಟೋ ಕಡೆ ಬೀಗ ಬಿದ್ದಿದೆ. ಬೀಗ ಬೀಳದ ಕಡೆ ನಮ್ಮ ಮಕ್ಕಳಿಗೆ ಎರಡು ದಿನಕ್ಕಿಂತ ಹೆಚ್ಚು ಮನಸ್ಸು ನಿಲ್ಲುವುದಿಲ್ಲ. ಆದರೂ ಹಂಚಿನ ಮಾಡು, ಅಡಕೆ ತೋಟ, ಬೆಳಗಿನ ಬಿಸಿ ದೋಸೆ ಇವುಗಳ ಹಂಬಲ ಹೋಗಿಲ್ಲ. ಹೀಗಾಗಿ ಮಹಾವೀರ ನಗರ, ಠಾಕೂರ್ ವಿಲೇಜ್, ಚಾರ್ಕೋಪ್‌ಗಳ ನಮ್ಮ ಕುಟುಂಬಗಳು ದೀಪಾವಳಿಗೂ ನಾತಾಳಕ್ಕೂ ಬೇಸಗೆಗೂ ಕೊಡಗು, ಚಿಕ್ಕಮಗಳೂರು, ಶಿರಸಿ, ಮಾಲ್ವಣ್, ಅಲಿಬಾಗ್‌ಗಳ ಹೋಮ್‌ಸ್ಟೇಗಳನ್ನು ಹುಡುಕುತ್ತಿವೆ. ಹಣ ಕೊಟ್ಟು ಬೇರೆಯವರ ಅಜ್ಜಿಯ ಮನೆಗೆ ಹೋಗುತ್ತಿದ್ದೇವೆ ಎಂದರೂ ತಪ್ಪಾಗದು.

ಇದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ದೊಡ್ಡ ಹೋಟೆಲಿನ ಕೊಠಡಿಗಿಂತ ಒಂದು ಕುಟುಂಬ ನಡೆಸುವ ನಾಲ್ಕು ಕೋಣೆಗಳ ಮನೆ ಪ್ರವಾಸಿಗೂ ಊರಿಗೂ ಒಳ್ಳೆಯದು ಎಂಬುದೇ ನನ್ನ ನಿಲುವು. ಆದರೆ ಹೋಮ್‌ಸ್ಟೇ ಎಂಬ ಹೆಸರಿನಲ್ಲಿ ನಾವು ಹಣ ಕೊಡುತ್ತಿರುವುದು ಮನೆಗೋ, ಮನೆಯ ಸೋಗು ಹಾಕಿದ ವ್ಯಾಪಾರಕ್ಕೋ? ಲೆಕ್ಕಪತ್ರಗಳ ಮೂಲಕ ಈ ಉದ್ಯಮವನ್ನು ನೋಡುವ ನನಗೆ, ಆ ಎರಡನ್ನೂ ಬೇರ್ಪಡಿಸಲು ಒಂದೇ ಪ್ರಶ್ನೆ ಸಾಕೆನಿಸಿದೆ: ಆ ಮನೆಯಲ್ಲಿ ವಾಸವಾಗಿರುವವರು ಯಾರು?

ರಿಯಾಯಿತಿ ಯಾರಿಗಾಗಿ?

ಈ ಪ್ರಶ್ನೆ ನನ್ನ ಕಲ್ಪನೆಯದಲ್ಲ, ಸರ್ಕಾರದ ನಿಯಮಗಳಲ್ಲಿಯೇ ಇರುವುದು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ 'ಇನ್‌ಕ್ರೆಡಿಬಲ್ ಇಂಡಿಯಾ ಬೆಡ್ ಅಂಡ್ ಬ್ರೇಕ್‌ಫಾಸ್ಟ್' ಯೋಜನೆಯ ಪ್ರಕಾರ ಮಾಲೀಕ ತನ್ನ ಕುಟುಂಬದೊಂದಿಗೆ ಅದೇ ಮನೆಯಲ್ಲಿ ವಾಸವಾಗಿರಬೇಕು; ಅತಿಥಿಗಳಿಗೆ ಕೊಡುವ ಕೋಣೆಗಳು ಒಂದರಿಂದ ಆರರವರೆಗೆ ಮಾತ್ರ; ಸೌಕರ್ಯಕ್ಕೆ ತಕ್ಕಂತೆ ಸಿಲ್ವರ್, ಗೋಲ್ಡ್ ಎಂಬ ಎರಡು ದರ್ಜೆ. ಮಹಾರಾಷ್ಟ್ರದ ಪ್ರವಾಸೋದ್ಯಮ ನಿಗಮ ಇಂಥದೇ ಯೋಜನೆಗೆ 'ನ್ಯಾಹರಿ ನಿವಾಸ್' ಎಂಬ ಹೆಸರಿಟ್ಟಿತು. ನ್ಯಾಹರಿ ಎಂದರೆ ಮರಾಠಿಯಲ್ಲಿ ಬೆಳಗಿನ ಉಪಾಹಾರ. ಕರ್ನಾಟಕ ತನ್ನ ಯೋಜನೆಯನ್ನು 'ಅತಿಥಿ' ಎಂದು ಕರೆಯಿತು. ಮೂರರ ತಿರುಳೂ ಒಂದೇ. ಬಾಡಿಗೆಗೆ ಕೊಡುವ ಕೋಣೆ ಇಲ್ಲಿ ಎರಡನೆಯ ಮಾತು, ವಾಸದ ಮನೆ ಮೊದಲನೆಯದು.

ಮನೆ ಎಂಬ ಕಾರಣಕ್ಕಾಗಿಯೇ ರಿಯಾಯಿತಿಗಳಿವೆ. ವಿದ್ಯುತ್, ನೀರು, ಆಸ್ತಿ ತೆರಿಗೆಗಳಿಗೆ ಹೋಟೆಲಿನ ದರ ಹಾಕದೆ ಮನೆಯ ದರವನ್ನೇ ಹಾಕುವುದು ಹಲವು ರಾಜ್ಯಗಳ ನೀತಿಯಲ್ಲಿದೆ. ಹೋಟೆಲಿಗೆ ಬೇಕಾಗುವ ಪರವಾನಗಿಗಳ ಉದ್ದನೆಯ ಪಟ್ಟಿ ಇಲ್ಲಿ ಚಿಕ್ಕದಾಗುತ್ತದೆ. 2025ರ ಫೆಬ್ರವರಿಯ ಕೇಂದ್ರ ಬಜೆಟ್ ಹೋಮ್‌ಸ್ಟೇಗಳಿಗೆ ಮುದ್ರಾ ಸಾಲವನ್ನೂ ಘೋಷಿಸಿತು. ಸಾರ್ವಜನಿಕ ಬೊಕ್ಕಸ ಇಷ್ಟನ್ನು ಬಿಟ್ಟುಕೊಡುವುದು ಏಕೆ? ಕೃಷಿಯೊಂದನ್ನೇ ನಂಬಿ ಬದುಕಲಾಗದ ಕುಟುಂಬ ಊರು ಬಿಡದೆ ಇರುವ ಮನೆಯಲ್ಲೇ ಎರಡು ಕಾಸು ಸಂಪಾದಿಸಲಿ ಎಂದು.

ಈ ಉದ್ದೇಶ ಫಲಿಸಿದ ಉದಾಹರಣೆಗಳೂ ನಮ್ಮ ಕಣ್ಣ ಮುಂದಿವೆ. 2000ದ ಆಸುಪಾಸಿನಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಕಾಫಿ ಬೆಲೆ ನೆಲಕಚ್ಚಿದಾಗ ಕೊಡಗು, ಚಿಕ್ಕಮಗಳೂರಿನ ಅನೇಕ ಬೆಳೆಗಾರರು ತೋಟದ ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ತೆರೆದರು. ಸಿಂಧುದುರ್ಗ 1997ರಲ್ಲಿ ಪ್ರವಾಸೋದ್ಯಮ ಜಿಲ್ಲೆ ಎಂದು ಘೋಷಿತವಾಯಿತು. ಮಾಲ್ವಣ್, ತಾರ್ಕರ್ಲಿಗಳ ಕಡಲ ಬದಿಯ ಕುಟುಂಬಗಳು ಇಂದು ಮನೆಯ ಅಂಗಳದಲ್ಲೇ ಪ್ರವಾಸಿಗರಿಗೆ ಊಟ ಬಡಿಸುತ್ತಿವೆ. ಎರಡೂ ಕಡೆ ಬೆಳೆ ಅಥವಾ ಬಲೆ ಕೈಕೊಟ್ಟ ವರ್ಷ ಸಂಸಾರ ತೂಗಿಸಲು ಪ್ರವಾಸಿಯ ಹಣ ಒದಗಿದೆ. 2018ರ ಆಗಸ್ಟ್‌ನ ಮಳೆ ಮತ್ತು ಭೂಕುಸಿತದಿಂದ ಕೊಡಗು ತತ್ತರಿಸಿದಾಗ ಆ ಆದಾಯವೂ ನಿಂತಿತು. ಆದರೆ ಅಲ್ಲಿಯೇ ವಾಸವಾಗಿದ್ದವರು ಊರಿನ ರಸ್ತೆ ಸರಿಯಾಗುವವರೆಗೆ ಊರಿನಲ್ಲೇ ಇದ್ದು ಮತ್ತೆ ಬಾಗಿಲು ತೆರೆದರು. ಮನೆಯವರಿರುವ ಮನೆಗೂ ಹೂಡಿಕೆಗಾಗಿ ಕೊಂಡ ಮನೆಗೂ ಇರುವ ವ್ಯತ್ಯಾಸ ಇಂಥ ವರ್ಷಗಳಲ್ಲಿ ಸ್ಪಷ್ಟವಾಗುತ್ತದೆ.

ಈಗ ನಡೆಯುತ್ತಿರುವುದನ್ನು ನೋಡಿ. ಲೋಣಾವಳ, ಕರ್ಜತ್, ಅಲಿಬಾಗ್‌ಗಳಲ್ಲಿ ಈಜುಕೊಳವಿರುವ ಬಂಗಲೆ. ಮಾಲೀಕ ಮುಂಬಯಿಯಲ್ಲೋ ಪುಣೆಯಲ್ಲೋ ಇದ್ದಾನೆ. ಅಲ್ಲಿರುವುದು ಒಬ್ಬ ಮೇಲ್ವಿಚಾರಕ ಮತ್ತು ಬಾಗಿಲಿಗೆ ಅಂಕಿ ಒತ್ತಿದರೆ ತೆರೆಯುವ ಬೀಗ. ಶನಿವಾರ ರಾತ್ರಿ ಸಂಗೀತದ ಅಬ್ಬರ, ಭಾನುವಾರ ಕಸದ ರಾಶಿ. ಫಲಕದ ಮೇಲೆ ಮಾತ್ರ ಹೋಮ್‌ಸ್ಟೇ. ಮಲೆನಾಡಿನಲ್ಲೂ ತೋಟದ ಮನೆಗಳನ್ನು ವರ್ಷಗಟ್ಟಲೆ ಗುತ್ತಿಗೆಗೆ ಹಿಡಿದು ಒಂದೇ ಕಂಪೆನಿ ಹತ್ತಾರು 'ಹೋಮ್‌ಸ್ಟೇ' ನಡೆಸುವ ರೂಢಿ ಬೆಳೆದಿದೆ. ಇವು ನಡೆಯಬಾರದೆಂದು ನಾನು ಹೇಳುತ್ತಿಲ್ಲ. ಬಂಗಲೆ ಬಾಡಿಗೆಗೆ ಕೊಡುವುದು ಕಾನೂನುಬದ್ಧ ವ್ಯಾಪಾರ. ಆದರೆ ಅದು ವ್ಯಾಪಾರದ ದರದಲ್ಲಿ ವಿದ್ಯುತ್ತಿಗೂ ನೀರಿಗೂ ಹಣ ಕಟ್ಟಲಿ, ವಸತಿಗೃಹದ ಪರವಾನಗಿ ಪಡೆಯಲಿ, ತನ್ನ ಹೆಸರನ್ನು ಸರಿಯಾಗಿ ಹೇಳಲಿ. ಪಕ್ಕದ ಮನೆಯಲ್ಲಿ ಮೂರು ಕೋಣೆ ಇಟ್ಟುಕೊಂಡು ತಾನೇ ಗಂಜಿ ಬೇಯಿಸಿ ಬಡಿಸುವ ಕುಟುಂಬಕ್ಕೆ ಮೀಸಲಾದ ಸೌಲಭ್ಯವನ್ನು ಕಸಿಯಬಾರದು ಎಂಬುದಷ್ಟೇ ವಾದ.

ಇದು ದೂರದ ಘಟ್ಟದ ಸಮಸ್ಯೆಯೂ ಅಲ್ಲ. ನಮ್ಮ ಕಾಂದಿವಲಿಯ ವಸತಿ ಸಂಘಗಳ ಸಭೆಗಳಲ್ಲಿ ಫ್ಲಾಟನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡಬಹುದೇ ಎಂಬ ಚರ್ಚೆ ಆರಂಭವಾದರೆ ಸಂಘದ ನಿರಾಕ್ಷೇಪಣಾ ಪತ್ರದ ಮಾತು ಮೊದಲು ಬರುತ್ತದೆ, ಜಗಳ ಅನಂತರ ಬರುತ್ತದೆ. ಅಲ್ಲಿಯೂ ಇದೇ ಅಳತೆಗೋಲು ಸಲ್ಲುತ್ತದೆ. ಮಕ್ಕಳು ಪರದೇಶದಲ್ಲಿರುವ ಹಿರಿಯ ಮಹಿಳೆ ತಾನಿರುವ ಮನೆಯ ಒಂದು ಕೋಣೆಯನ್ನು ಚಿಕಿತ್ಸೆಗೋ ಪರೀಕ್ಷೆಗೋ ಬಂದ ಕುಟುಂಬಕ್ಕೆ ಕೊಟ್ಟರೆ ನೆರೆಹೊರೆಗೆ ಒಬ್ಬ ಹೊಣೆಗಾರ ಇದ್ದಾನೆಂಬ ಭರವಸೆಯಿದೆ. ಇಡೀ ಫ್ಲಾಟನ್ನು ಕೊಟ್ಟು ಕೀಲಿ ಕಾವಲುಗಾರನ ಕೈಯಲ್ಲಿಟ್ಟವರು ಅಂಥ ಭರವಸೆ ಕೊಡಲಾರರು. ಸಂಘಗಳು ಎರಡನ್ನೂ ಒಂದೇ ಎಂದು ನಿಷೇಧಿಸುವುದೂ ಸರಿಯಲ್ಲ, ಎರಡಕ್ಕೂ ಕಣ್ಣುಮುಚ್ಚುವುದೂ ಸರಿಯಲ್ಲ.

ಆರು ಸಾವಿರ ರೂಪಾಯಿ ಎಲ್ಲಿಗೆ ಹೋಗುತ್ತದೆ?

ಇನ್ನು ನನ್ನ ವೃತ್ತಿಯ ಮಾತು. ಒಂದು ಕೋಣೆಗೆ ದಿನಕ್ಕೆ ₹3,000, ಎರಡು ರಾತ್ರಿಯ ವಾಸ ಎಂದಿಟ್ಟುಕೊಳ್ಳೋಣ. ಒಟ್ಟು ₹6,000. ನೀವು ಇದನ್ನು ಆನ್‌ಲೈನ್ ಬುಕಿಂಗ್ ತಾಣದ ಮೂಲಕ ಕಾಯ್ದಿರಿಸಿದ್ದೀರಿ. ಕಮಿಷನ್ ದರ ತಾಣದಿಂದ ತಾಣಕ್ಕೆ ಬೇರೆಯಾಗುತ್ತದೆ. ಲೆಕ್ಕಕ್ಕಾಗಿ ನೂರಕ್ಕೆ 15 ಎನ್ನೋಣ. ಆಗ ₹900 ಕಮಿಷನ್, ಅದರ ಮೇಲೆ ಶೇಕಡಾ 18ರಂತೆ ₹162 ಜಿಎಸ್‌ಟಿ. ಮನೆಯವರಿಗೆ ತಲಪುವುದು ₹4,938. ಇದರಲ್ಲಿ ಹಾಸಿಗೆ ಬಟ್ಟೆ ಒಗೆಯುವ ಖರ್ಚು, ಬೆಳಗಿನ ತಿಂಡಿ, ಗೀಸರಿನ ವಿದ್ಯುತ್ತು ಎಲ್ಲವೂ ಸೇರಬೇಕು.

ಪ್ರವಾಸಿಯ ಕಡೆಯ ಲೆಕ್ಕವೂ ಇದೆ. ದಿನಕ್ಕೆ ₹7,500ವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇಕಡಾ 5. ಅದಕ್ಕೆ ಮುಂಚೆ 12 ಇತ್ತು. ವರ್ಷದ ವಹಿವಾಟು ₹20 ಲಕ್ಷ ದಾಟದ ಸಣ್ಣ ಮನೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ಆದರೆ ಅದೇ ಮನೆಯನ್ನು ಆನ್‌ಲೈನ್ ತಾಣದ ಮೂಲಕ ಕಾಯ್ದಿರಿಸಿದರೆ ತೆರಿಗೆ ಕಟ್ಟುವ ಹೊಣೆಯನ್ನು ಕಾನೂನು ಆ ತಾಣದ ಮೇಲೆಯೇ ಹೊರಿಸಿದೆ. ತಾಣ ಅದನ್ನು ನಿಮ್ಮಿಂದ ವಸೂಲು ಮಾಡುತ್ತದೆ. ಅಂದರೆ ನಿಮ್ಮ ಬಿಲ್ಲು ₹6,300. ನೇರವಾಗಿ ಮನೆಯವರಿಗೆ ಫೋನ್ ಮಾಡಿ ಬ್ಯಾಂಕ್ ಮೂಲಕವೋ ಯುಪಿಐ ಮೂಲಕವೋ ಹಣ ಕೊಟ್ಟರೆ ನೀವು ಕೊಡುವುದು ₹6,000, ಅವರಿಗೆ ಸಿಗುವುದು ₹6,000. ನಿಮಗೆ ₹300 ಉಳಿತಾಯ, ಅವರಿಗೆ ₹1,062 ಲಾಭ. ಇದು ತೆರಿಗೆ ತಪ್ಪಿಸುವ ಉಪಾಯವಲ್ಲ. ಸಣ್ಣವರಿಗೆ ಕಾನೂನೇ ಕೊಟ್ಟಿರುವ ವಿನಾಯಿತಿ. ರಶೀದಿ ಕೇಳಿ ಪಡೆಯಿರಿ. ನೋಂದಣಿ ಇಲ್ಲದವರು ಜಿಎಸ್‌ಟಿ ಎಂದು ಬರೆದು ಹಣ ಕೇಳುವಂತಿಲ್ಲ ಎಂಬುದನ್ನೂ ತಿಳಿದಿರಿ.

ತಾಣಗಳಿಂದ ಉಪಯೋಗವೇ ಇಲ್ಲವೆಂದಲ್ಲ. ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಮನೆಯನ್ನು ತೋರಿಸುವವರು ಅವರು. ಹಿಂದಿನ ಅತಿಥಿಗಳ ಅಭಿಪ್ರಾಯ, ರದ್ದುಪಡಿಸಿದರೆ ಹಣ ಮರಳುವ ವ್ಯವಸ್ಥೆ ಇವುಗಳಿಗೆ ಬೆಲೆಯಿದೆ. ಮೊದಲ ಸಲ ತಾಣದ ಮೂಲಕ ಕಂಡುಕೊಂಡ ಮನೆಗೆ ತಾಣದ ಮೂಲಕವೇ ಹಣ ಸಲ್ಲಿಸುವುದು ನ್ಯಾಯ. ಮರುವರ್ಷ ಅದೇ ಮನೆಗೆ ಹೋಗುವಾಗ ನೇರ ಫೋನ್ ಮಾಡುವುದೂ ನ್ಯಾಯವೇ.

ಹಾಗಾದರೆ ರಜೆಯನ್ನು ಯೋಜಿಸುವಾಗ ಏನನ್ನು ವಿಚಾರಿಸಬೇಕು? ಚಿತ್ರಗಳನ್ನು ನೋಡುವುದಕ್ಕೆ ಮುಂಚೆ ಒಂದು ಫೋನ್ ಮಾಡಿ. ಮನೆಯವರು ಅಲ್ಲಿಯೇ ಇರುತ್ತಾರೆಯೇ ಎಂದು ಕೇಳಿ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ ಕೇಳಿ. ಸಂಖ್ಯೆ ಇರುವವರು ಸಂತೋಷದಿಂದ ಹೇಳುತ್ತಾರೆ. ಊಟ ಮನೆಯ ಅಡಿಗೆಯೋ ಹೊರಗಿನದೋ, ಎಷ್ಟು ಹೊತ್ತಿಗೆ ಬಡಿಸುತ್ತಾರೆ, ಮಳೆಗಾಲದಲ್ಲಿ ಕಾರು ಅಂಗಳದವರೆಗೆ ಬರುತ್ತದೆಯೇ, ವಯಸ್ಸಾದವರಿಗೆ ಮೆಟ್ಟಿಲಿಲ್ಲದ ಕೋಣೆ ಇದೆಯೇ, ಬರಲಾಗದಿದ್ದರೆ ಮುಂಗಡದಲ್ಲಿ ಎಷ್ಟು ಮರಳುತ್ತದೆ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಮುಂಗಡ ಕೊಟ್ಟ ಮೇಲೆ ಕಡೆಯ ಗಳಿಗೆಯಲ್ಲಿ ಕೈಕೊಡಬೇಡಿ. ನೂರು ಕೋಣೆಯ ಹೋಟೆಲಿಗೆ ಒಂದು ಕೋಣೆ ಖಾಲಿ ಉಳಿದರೆ ನಷ್ಟ ಗೊತ್ತಾಗುವುದಿಲ್ಲ. ಮೂರು ಕೋಣೆಯ ಮನೆಗೆ ಅದು ಆ ವಾರದ ಗಳಿಕೆಯ ಮೂರನೆಯ ಒಂದು ಪಾಲು. ಶಾಲೆಗಳ ರಜೆಗೆ ಕಟ್ಟುಬೀಳದವರು ಸಾಧ್ಯವಾದರೆ ವಾರದ ನಡುವಿನ ದಿನಗಳನ್ನು ಆರಿಸಿಕೊಳ್ಳಲಿ. ದರ ಇಳಿಯುತ್ತದೆ, ಮನೆಯವರಿಗೆ ಮಾತಾಡಲು ಪುರಸತ್ತೂ ಇರುತ್ತದೆ.

ಅಡಿಗೆಮನೆ ಆತಿಥೇಯರದು

ನಮ್ಮ ಸಮಾಜಕ್ಕೆ ಸಂಬಂಧಿಸಿದ ಒಂದು ಮಾತನ್ನು ಇಲ್ಲಿ ಹೇಳದೆ ವಿಧಿಯಿಲ್ಲ. ಮನೆಯವರಿರುವ ಮನೆಯಲ್ಲಿ ಅವರ ಅಡಿಗೆಮನೆಯೂ ಇರುತ್ತದೆ. ಕೊಡಗಿನ ಮನೆಯಲ್ಲಿ ಹಂದಿ ಮಾಂಸ, ಮಾಲ್ವಣದ ಮನೆಯಲ್ಲಿ ಮೀನು ಬೇಯುವುದು ಅವರ ಸಹಜ ಆಹಾರ. ನಮ್ಮವರಲ್ಲಿ ಕೆಲವರು ಅಲ್ಲಿಗೆ ಹೋಗಿ, ನಾವಿರುವ ಮೂರು ದಿನ ಮನೆಯಲ್ಲಿ ಮಾಂಸ ಬೇಯಿಸಬಾರದು, ಪಾತ್ರೆಗಳನ್ನು ಬದಲಾಯಿಸಬೇಕು ಎಂದು ಕೇಳುವುದುಂಟು. ಹಣ ಕೊಟ್ಟಿದ್ದೇವೆ ಎಂಬುದು ಅದಕ್ಕೆ ಸಮರ್ಥನೆ.

ಅದು ಒಪ್ಪತಕ್ಕ ಸಮರ್ಥನೆಯಲ್ಲ. 2022ರ ಕೊನೆಯಲ್ಲಿ ಝಾರ್ಖಂಡದ ಪಾರಸನಾಥ ಬೆಟ್ಟವನ್ನು, ಅಂದರೆ ಸಮ್ಮೇದ ಶಿಖರಜಿಯನ್ನು, ಪ್ರವಾಸಿ ತಾಣವಾಗಿಸಬಾರದೆಂದು ಜೈನ ಸಮಾಜ ದೇಶದಾದ್ಯಂತ ಬೀದಿಗಿಳಿಯಿತು. ಮುಂಬಯಿಯಲ್ಲೂ ಮೆರವಣಿಗೆ ನಡೆಯಿತು. 2023ರ ಜನವರಿ 5ರಂದು ಕೇಂದ್ರ ಸರ್ಕಾರ ಅಲ್ಲಿನ ಪ್ರವಾಸೋದ್ಯಮ ಚಟುವಟಿಕೆಗಳಿಗೆ ತಡೆ ಹಾಕಿತು. ನಮ್ಮ ಬೇಡಿಕೆಯ ಆಧಾರವೇನಾಗಿತ್ತು? ಈ ಸ್ಥಳಕ್ಕೆ ಒಂದು ಮರ್ಯಾದೆಯಿದೆ, ಬರುವವರು ಹಣ ಕೊಡುತ್ತಾರೆಂಬ ಕಾರಣಕ್ಕೆ ಅದನ್ನು ಬದಲಾಯಿಸಲಾಗದು ಎಂಬುದು. ಬೆಟ್ಟಕ್ಕೆ ನಾವು ಬೇಡಿದ ಮರ್ಯಾದೆಯನ್ನು ಇನ್ನೊಬ್ಬರ ಮನೆಯ ಒಲೆಗೆ ನಾವು ಕೊಡಲೇಬೇಕಾಗುತ್ತದೆ.

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅತಿಥಿಸಂವಿಭಾಗವೂ ಒಂದು. ಮನೆಯವರು ತಮಗಾಗಿ ಮಾಡಿಕೊಂಡ ಶುದ್ಧ ಆಹಾರದಲ್ಲಿ ಒಂದು ಪಾಲನ್ನು ಅತಿಥಿಗೆ ಸಲ್ಲಿಸುವುದು ಅದರ ಅರ್ಥ. ಮುನಿಗಳು ತಮಗಾಗಿಯೇ ಮಾಡಿದ ಉದ್ದಿಷ್ಟ ಆಹಾರವನ್ನು ಸ್ವೀಕರಿಸುವುದಿಲ್ಲ. ತನ್ನಿಂದಾಗಿ ಗೃಹಸ್ಥನಿಗೆ ಹೆಚ್ಚಿನ ಆರಂಭ ಆಗಬಾರದೆಂಬ ಎಚ್ಚರ ಅದರ ಹಿಂದಿದೆ. ನಾವು ಮುನಿಗಳಲ್ಲ, ನಾವು ಹೋಗುವುದು ಆಹಾರದಾನಕ್ಕೂ ಅಲ್ಲ. ಆದರೂ ಅತಿಥಿಯಾದವನು ಆತಿಥೇಯನ ಮನೆಯನ್ನು ತನಗಾಗಿ ತಲೆಕೆಳಗು ಮಾಡಬಾರದೆಂಬ ಎಚ್ಚರ ನಮಗೂ ಸಲ್ಲುವಂಥದ್ದು.

ಇದರರ್ಥ ನಮ್ಮ ಆಹಾರ ನಿಯಮವನ್ನು ಬಿಡಬೇಕೆಂದಲ್ಲ. ಆಯ್ಕೆಯನ್ನು ಹೊರಡುವ ಮುಂಚೆ ಮಾಡಬೇಕು, ತಲಪಿದ ಮೇಲಲ್ಲ. ಶಿರಸಿ, ಯಲ್ಲಾಪುರದ ಕಡೆ ಅಡಕೆ ತೋಟದ ಹವ್ಯಕ ಮನೆಗಳಿವೆ. ಅಲ್ಲಿ ಮಾಂಸದ ಪ್ರಶ್ನೆ ಬರುವುದಿಲ್ಲ. ಕಂದಮೂಲ ಬೇಡ, ಸೂರ್ಯಾಸ್ತಕ್ಕೆ ಮುಂಚೆ ಊಟವಾಗಬೇಕು ಎಂಬುದನ್ನು ಫೋನಿನಲ್ಲಿಯೇ ವಿನಯದಿಂದ ತಿಳಿಸಿದರೆ ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಅವರು ಹೇಳುತ್ತಾರೆ. ಆಗುವುದಿಲ್ಲ ಎಂದವರನ್ನು ಒತ್ತಾಯಿಸದೆ ಬೇರೆ ಮನೆ ಹುಡುಕುವುದು ಸಜ್ಜನಿಕೆ.

ನಮ್ಮ ಬೀಗ ಬಿದ್ದ ಮನೆಗಳು

ಇಲ್ಲಿಯವರೆಗೆ ನಾವು ಪ್ರವಾಸಿಗಳಾಗಿ ಯೋಚಿಸಿದೆವು. ಕಾಂದಿವಲಿಯ ಅನೇಕ ತುಳುನಾಡಿನ ಕುಟುಂಬಗಳು ಇದೇ ವ್ಯವಹಾರದ ಮತ್ತೊಂದು ತುದಿಯಲ್ಲೂ ಇವೆ. ಮೂಡಬಿದಿರೆ, ಕಾರ್ಕಳ, ವೇಣೂರು, ಬೆಳ್ತಂಗಡಿ ಸುತ್ತಿನಲ್ಲಿ ನಮ್ಮವರ ಬೀಡುಗಳು, ಗುತ್ತುಮನೆಗಳು, ಬಸದಿಯ ಬೀದಿಯ ಹಳೆಯ ಮನೆಗಳು ಇವೆ. ಚಾವಡಿಯ ಮರದ ಕಂಬಗಳನ್ನು ಗೆದ್ದಲು ತಿನ್ನುತ್ತಿದೆ. ಅಳಿಯಸಂತಾನದ ಕಟ್ಟಿನಲ್ಲಿದ್ದ ಕುಟುಂಬಗಳಿಗೆ 1949ರ ಮದರಾಸು ಅಳಿಯಸಂತಾನ ಕಾಯ್ದೆಯೂ ಬಳಿಕ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೂ ಅನ್ವಯವಾದ ಮೇಲೆ ಪಾಲುದಾರರ ಸಂಖ್ಯೆ ಬೆಳೆಯುತ್ತ ಹೋಯಿತು. ಒಂದೇ ಮನೆಗೆ ಮುಂಬಯಿ, ಬೆಂಗಳೂರು, ಪುಣೆಗಳಲ್ಲಿ ಹಕ್ಕುದಾರರು. ಮಾಡು ಸೋರಿದರೆ ರಿಪೇರಿಗೆ ಮಾತ್ರ ಯಾರೂ ಇಲ್ಲ.

ಇಂಥ ಮನೆಗಳ ಮಾಲೀಕರಿಗೆ ಈಗ ಗುತ್ತಿಗೆಯ ಪ್ರಸ್ತಾಪಗಳು ಬರುತ್ತಿವೆ: ಮನೆಯನ್ನು ಹತ್ತು ವರ್ಷಕ್ಕೆ ಕೊಡಿ, ನಾವು ದುರಸ್ತಿ ಮಾಡಿ 'ಹೆರಿಟೇಜ್ ಹೋಮ್‌ಸ್ಟೇ' ನಡೆಸುತ್ತೇವೆ, ನಿಮಗೆ ಬಾಡಿಗೆ. ಬೀಳುವ ಮನೆ ಉಳಿದೀತು ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಹಾಗೆ ಕೊಡುವವರು ಅದನ್ನು ವಸತಿಗೃಹವೆಂದೇ ನೋಂದಾಯಿಸಲಿ, ವ್ಯಾಪಾರದ ದರಗಳನ್ನೇ ಕಟ್ಟಲಿ. ಕಾಂದಿವಲಿಯಲ್ಲಿ ವಾಸವಿದ್ದು, ಆ ಮನೆಯಲ್ಲಿಯೇ ವಾಸವಿರುವುದಾಗಿ ಅರ್ಜಿಯಲ್ಲಿ ಬರೆದು ಸಹಿ ಮಾಡುವುದು ಸುಳ್ಳು ಘೋಷಣೆಯಾಗುತ್ತದೆ. ಸತ್ಯಾಣುವ್ರತದ ಮಾತು ಹಾಗಿರಲಿ, ಕಾನೂನಿನ ದೃಷ್ಟಿಯಲ್ಲೂ ಅದು ಅಪರಾಧವಾಗಬಲ್ಲದು.

ಎಲ್ಲ ಮನೆಗಳೂ ಪೂರ್ತಿ ಖಾಲಿಯಲ್ಲ. ಎಷ್ಟೋ ಮನೆಗಳಲ್ಲಿ ಚಿಕ್ಕಮ್ಮನೋ ಅತ್ತಿಗೆಯೋ ಸೋದರನೋ ಇಂದಿಗೂ ದೀಪ ಹಚ್ಚುತ್ತಿದ್ದಾರೆ. ಕಾನೂನು ಕೇಳುವ ವಾಸದ ಕುಟುಂಬ ಅದೇ. ಅವರು ನಡೆಸುವ ಹೋಮ್‌ಸ್ಟೇಯೇ ನಿಜವಾದ ಹೋಮ್‌ಸ್ಟೇ. ಆದರೆ ಇಲ್ಲೊಂದು ಅನ್ಯಾಯಕ್ಕೆ ದಾರಿಯಿದೆ. ಬೆಳಗ್ಗೆ ಐದಕ್ಕೆ ಎದ್ದು ನೀರ್ದೋಸೆ ಹುಯ್ಯುವವರು, ಹಾಸಿಗೆ ಒಗೆದು ಒಣಗಿಸುವವರು, ಅತಿಥಿಯ ಮಗುವಿಗೆ ಜ್ವರ ಬಂದರೆ ರಾತ್ರಿ ಕಷಾಯ ಮಾಡುವವರು ಊರಿನ ಮನೆಯ ಹೆಂಗಸರು. ಬುಕಿಂಗ್ ಹಣ ಬೀಳುವುದು ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಇರುವ ಗಂಡಸಿನ ಖಾತೆಗೆ. ವರ್ಷದ ಕೊನೆಗೆ 'ಖರ್ಚು ಕಳೆದು' ಅವರ ಕೈಗೆ ಏನಾದರೂ ಬಂದರೆ ಬಂತು. ಸುಧಾರಣೆಯ ಮಾತಾಡುವ ಪತ್ರಿಕೆಯ ಓದುಗರು ಇದನ್ನು ಸಹಜವೆಂದು ಬಿಡಬಾರದು.

ಸರಿಯಾದ ಏರ್ಪಾಡು ಕಷ್ಟದ್ದಲ್ಲ. ನೋಂದಣಿ, ಬ್ಯಾಂಕ್ ಖಾತೆ, ಬುಕಿಂಗಿನ ಫೋನ್ ಸಂಖ್ಯೆ ಮೂರೂ ಅಲ್ಲಿ ವಾಸವಾಗಿದ್ದು ದುಡಿಯುವವರ ಹೆಸರಿನಲ್ಲಿರಲಿ. ಉಳಿದ ಪಾಲುದಾರರೊಂದಿಗೆ ಲಿಖಿತ ಕರಾರು ಮಾಡಿಕೊಂಡು, ಅವರ ಪಾಲಿನ ಕೋಣೆಗಳಿಗೆ ನಿಗದಿತ ಬಾಡಿಗೆ ಕೊಡಲಿ. ಪಾಲು ಎಷ್ಟೆಂದು ಸ್ಪಷ್ಟವಾಗಿದ್ದರೆ ಪಾಲುದಾರರು ತಮ್ಮ ತಮ್ಮ ಬಾಡಿಗೆಯನ್ನು ಮನೆ ಆಸ್ತಿಯ ಆದಾಯವೆಂದು ತೋರಿಸಬಹುದು. ಅದರಲ್ಲಿ ಶೇಕಡಾ 30ರ ಕಡಿತ ಕಾನೂನೇ ಕೊಡುತ್ತದೆ. ನಡೆಸುವವರ ಗಳಿಕೆ ವ್ಯವಹಾರದ ಆದಾಯ. ಸಣ್ಣ ವಹಿವಾಟಿಗೆ ಅಂದಾಜು ಆದಾಯದ ಸರಳ ಪದ್ಧತಿ ಇದೆ, ದೊಡ್ಡ ಲೆಕ್ಕಪುಸ್ತಕ ಬೇಕಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ ₹12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ರಿಯಾಯಿತಿಯ ಬಳಿಕ ತೆರಿಗೆ ಬೀಳುವುದಿಲ್ಲ. ಎಲ್ಲರ ರಿಟರ್ನ್ಸ್‌ಗಳೂ ಒಂದಕ್ಕೊಂದು ತಾಳೆಯಾಗುತ್ತವೆ, ಮನಸ್ತಾಪವೂ ಉಳಿಯುವುದಿಲ್ಲ. ಮುದ್ರಾ ಸಾಲ ತೆಗೆಯುವುದಾದರೆ ಅದೂ ಅವರ ಹೆಸರಿನಲ್ಲೇ ಇರಲಿ. ಮಹಾರಾಷ್ಟ್ರ 2023ರಲ್ಲಿ 'ಆಯಿ' ಎಂಬ ಮಹಿಳಾ ಕೇಂದ್ರಿತ ಪ್ರವಾಸೋದ್ಯಮ ನೀತಿಯನ್ನೇ ತಂದಿದೆ. ಸರ್ಕಾರ ಒಪ್ಪಿಕೊಂಡದ್ದನ್ನು ನಮ್ಮ ಮನೆತನಗಳು ಒಪ್ಪಲು ತಡವೇಕೆ?

ಇದಕ್ಕೆ ಕಾಲವೂ ಕೂಡಿಬರುತ್ತಿದೆ. ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠಾಪಿತನಾದ ಬಾಹುಬಲಿಗೆ ಕಳೆದ ಮಹಾಮಸ್ತಕಾಭಿಷೇಕ ನಡೆದದ್ದು 2015ರಲ್ಲಿ. ಹನ್ನೆರಡು ವರ್ಷದ ರೂಢಿಯ ಲೆಕ್ಕದಲ್ಲಿ ಮುಂದಿನದು 2027. 1604ರ ವೇಣೂರು ಬಾಹುಬಲಿಗೆ 2024ರ ಫೆಬ್ರವರಿಯಲ್ಲಿ ಅಭಿಷೇಕವಾಯಿತು. ಮೂಡಬಿದಿರೆಯ ಸಾವಿರ ಕಂಬದ ಬಸದಿಗೆ ವರ್ಷವಿಡೀ ಯಾತ್ರಿಕರು ಬರುತ್ತಾರೆ. ಇಂಥ ಸಂದರ್ಭಗಳಲ್ಲಿ ವಸತಿಯ ಕೊರತೆ ಎಲ್ಲರ ಅನುಭವಕ್ಕೆ ಬರುತ್ತದೆ. ತಾತ್ಕಾಲಿಕ ಡೇರೆಗಳಿಗೆ ಖರ್ಚಾಗುವ ಹಣದ ಒಂದು ಪಾಲು, ಸೂರ್ಯಾಸ್ತಕ್ಕೆ ಮುಂಚೆ ಶುದ್ಧ ಊಟ ಬಡಿಸಬಲ್ಲ ನಮ್ಮದೇ ಊರಿನ ಮನೆಗಳಿಗೆ ಏಕೆ ಹೋಗಬಾರದು? ಸಮಾಜದ ಸಂಸ್ಥೆಗಳು ಈಗಲೇ ಇಂಥ ಮನೆಗಳ ಪಟ್ಟಿ ತಯಾರಿಸಿ, ನೋಂದಣಿಗೆ ನೆರವಾದರೆ 2027ಕ್ಕೆ ಸಿದ್ಧರಿರಬಹುದು.

ಸರ್ಕಾರ ಮಾಡಬೇಕಾದುದು

ಕಡೆಯದಾಗಿ ರಾಜಕೀಯದ ಮಾತು. ನಮ್ಮ ಸರ್ಕಾರಗಳು ಹೋಮ್‌ಸ್ಟೇ ವಿಷಯದಲ್ಲಿ ವರ್ಷಗಟ್ಟಲೆ ನಿದ್ರಿಸಿ, ಅನಾಹುತವಾದ ದಿನ ಎದ್ದು ಎಲ್ಲರ ಮೇಲೆ ಬೀಳುತ್ತವೆ. ಹಂಪಿಯ ಎದುರು ದಡದ ವಿರೂಪಾಪುರ ಗಡ್ಡೆಯಲ್ಲಿ ವಸತಿಗೃಹಗಳು ಎಲ್ಲರ ಕಣ್ಣೆದುರೇ ಬೆಳೆದವು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಬಳಿಕ ಮಾರ್ಚ್‌ನಲ್ಲಿ ಅವು ನೆಲಸಮವಾದವು. ಕಾನೂನು ಪಾಲನೆಯಾಯಿತು, ಸರಿ. ಬೆಳೆಯಲು ಬಿಟ್ಟ ಅಧಿಕಾರಿಗಳ ಹೊಣೆ ಏನಾಯಿತು? 2025ರ ಮಾರ್ಚ್‌ನಲ್ಲಿ ಕೊಪ್ಪಳ ಜಿಲ್ಲೆಯ ಸಾಣಾಪುರದ ಬಳಿ ಕಾಲುವೆ ದಡದಲ್ಲಿದ್ದ ಪ್ರವಾಸಿಗಳ ಮೇಲೂ ಅವರ ಜೊತೆಗಿದ್ದ ಹೋಮ್‌ಸ್ಟೇ ಒಡತಿಯ ಮೇಲೂ ಘೋರ ದಾಳಿಯಾಯಿತು, ಒಬ್ಬ ಪ್ರವಾಸಿ ಪ್ರಾಣ ಕಳೆದುಕೊಂಡ. ಅತಿಥಿಗೆ ಬಂದ ಅಪಾಯದಲ್ಲಿ ಆತಿಥೇಯಳೂ ಪಾಲುಗೊಂಡ ಪ್ರಕರಣವದು. ಅಂಥವರಿಗೆ ಸರ್ಕಾರ ಕೊಡಬೇಕಾದದ್ದು ಬೀದಿದೀಪ ಮತ್ತು ಪೊಲೀಸ್ ಗಸ್ತು.

ಬೇಡಿಕೆಗಳು ಸರಳ. ನೋಂದಾಯಿತ ಹೋಮ್‌ಸ್ಟೇಗಳ ಪಟ್ಟಿ ಸಾರ್ವಜನಿಕವಾಗಿರಲಿ, ನವೀಕರಣದ ಸಮಯದಲ್ಲಿ ಮನೆಯವರು ನಿಜವಾಗಿ ವಾಸವಿದ್ದಾರೆಯೇ ಎಂಬುದನ್ನು ಗ್ರಾಮ ಪಂಚಾಯತಿ ದೃಢೀಕರಿಸಲಿ. ವಾಸವಿಲ್ಲದ ಬಂಗಲೆಗಳಿಗೆ ಬೇರೆ ವರ್ಗ, ಬೇರೆ ದರ ಇರಲಿ. ಆನ್‌ಲೈನ್ ತಾಣಗಳು ನೋಂದಣಿ ಸಂಖ್ಯೆ ಇಲ್ಲದೆ ಯಾವ ಮನೆಯನ್ನೂ ಹೋಮ್‌ಸ್ಟೇ ಎಂದು ತೋರಿಸದಿರಲಿ. ಸಣ್ಣ ಕುಟುಂಬದ ಅರ್ಜಿ ಪೊಲೀಸ್ ಪರಿಶೀಲನೆಯ ಹೆಸರಿನಲ್ಲಿ ತಿಂಗಳುಗಟ್ಟಲೆ ಕೊಳೆಯದಿರಲಿ.

ಕಾಂದಿವಲಿಯ ಮತದಾರರಾಗಿ ಇನ್ನೊಂದು ಮಾತು. 2024ರ ಆಗಸ್ಟ್ 29ರಂದು ನಮ್ಮ ಉತ್ತರ ಮುಂಬಯಿ ಕ್ಷೇತ್ರದ ಸಂಸದ ಪೀಯೂಷ್ ಗೋಯಲ್ ಅವರು ಬೋರಿವಲಿಯಲ್ಲಿ ಬಾಂದ್ರಾ ಟರ್ಮಿನಸ್-ಮಡಗಾಂವ್ ರೈಲಿಗೆ ಚಾಲನೆ ಕೊಟ್ಟರು. ಕೊಂಕಣಕ್ಕೆ ಹೋಗಲು ಕುರ್ಲಾಕ್ಕೋ ಪನ್ವೇಲಿಗೋ ಸಾಮಾನು ಹೊತ್ತು ಓಡುತ್ತಿದ್ದವರಿಗೆ ಅದು ಉಪಕಾರವೇ. ಆದರೆ ಅಂದು ಹೊರಟ ರೈಲು ಗೋವೆಯಲ್ಲಿ ನಿಂತಿತು. ಪಶ್ಚಿಮ ಉಪನಗರಗಳಿಂದ ಉಡುಪಿ, ಮಂಗಳೂರಿನವರೆಗೆ ನೇರ ರೈಲು ನಿತ್ಯ ಓಡಿದರೆ ಊರಿನ ಮನೆಗಳಿಗೆ ಅತಿಥಿಗಳೂ ಬರುತ್ತಾರೆ, ಮನೆಯವರೂ ಬರುತ್ತಾರೆ. ಮತ ಕೇಳಲು ಬರುವವರೊಡನೆ ಇದನ್ನು ಪ್ರಸ್ತಾಪಿಸುವುದು ನಮ್ಮ ಹಕ್ಕು.

ಮುಂದಿನ ರಜೆಗೆ ನೀವು ಈಗಲೇ ಮನೆ ಹುಡುಕುತ್ತಿರಬಹುದು. ಪಟ್ಟಿಯಲ್ಲಿರುವ ಮೂರು ಮನೆಗಳಿಗೂ ಫೋನ್ ಮಾಡಿ, ಅಲ್ಲಿ ವಾಸವಿರುವವರು ಯಾರು ಎಂದು ವಿಚಾರಿಸಿ, ಆ ಉತ್ತರದ ಮೇಲೆ ಹಣ ಕಳುಹಿಸಿ. ಊರಿನಲ್ಲಿ ಪಾಲಿನ ಮನೆಯಿರುವವರು ಅದೇ ದಿನ ಇನ್ನೊಂದು ಫೋನ್ ಮಾಡಲಿ: ಆ ಮನೆಯಲ್ಲಿ ದೀಪ ಹಚ್ಚುತ್ತಿರುವ ಚಿಕ್ಕಮ್ಮನಿಗೆ.